ಉಚಿತ ಡೆಮೋ

ತಕರಾರು ಎದ್ದದ್ದು ಬಾಗಿಲ ಬೋರ್ಡಿನಿಂದ. ಬನಶಂಕರಿಯ ಬೇಕರಿಯೊಂದರ ಮಹಡಿಯಲ್ಲಿ ಇಂಗ್ಲಿಷ್ ಕೋಚಿಂಗ್ ನಡೆಸುವ ವಸಿಷ್ಠ ತಾನೇ ಮುಂದೆ ನಿಂತು ಬರೆಸಿದ್ದ: ‘ಎವ್ರಿಬಡಿ ಆರ್ ವೆಲ್ಕಮ್’.

ಗದಗಿನಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗಿದ್ದ ನಿಂಗರಾಜ ಅಂದು ಅಲ್ಲಿ ಡೆಮೋ ಕ್ಲಾಸು ತೆಗೆದುಕೊಳ್ಳಬೇಕಿತ್ತು. "ಕ್ಲಾಸ್ ಮುಗಿದ್ಮೇಲೆ ನಾಲ್ಕು ಜನ ಆದ್ರೂ ಫೀಸ್ ಕಟ್ಟಿ ಸೇರ್ಬೇಕು, ಆಗ ಕೆಲಸ ನಿಮ್ದು" ಎಂದಿದ್ದ ವಸಿಷ್ಠ ಹಿಂದಿನ ಬೆಂಚಿನಲ್ಲಿ ಕೂತಿದ್ದ. ತಿಂಗಳುಗಟ್ಟಲೆ ಕೆಲಸವಿಲ್ಲದ ನಿಂಗರಾಜನಿಗೆ ಇದು ಸಿಗಲೇಬೇಕಿತ್ತು.

ಡೆಮೋ ಕೇಳಲು ಬಂದವರಲ್ಲಿ ಸಾರಕ್ಕಿ ಮಾರ್ಕೆಟ್ಟಿನ ಹೂವಿನಂಗಡಿ ದೇವರಾಜ್ ಎದ್ದು ನಿಂತ.

"ಸಾರ್, ನನ್ ಮಗಳ ಬುಕ್ಕಲ್ಲಿ ಎವ್ರಿಬಡಿ ಈಸ್ ಅಂತಿದೆ. ನಿಮ್ ಬೋರ್ಡಲ್ಲಿ ಆರ್ ಅಂತಿದೆ. ಯಾವ್ದು ಸರಿ?"

ಬೋರ್ಡು ತಪ್ಪೆಂದರೆ ಮಾಲೀಕನಿಗೆ ಅವಮಾನ, ಸರಿಯೆಂದರೆ ನಿಂಗರಾಜ ಓದಿದ್ದಕ್ಕೆ ಅವಮಾನ. ಅತ್ತ ದರಿ, ಇತ್ತ ಪುಲಿ.

"ಎವ್ರಿಬಡಿ ಅಂದ್ರೆ ತುಂಬಾ ಜನ ಅಲ್ವೇನ್ರೀ? ಆರೇ ಸರಿ" ಎಂದರು ಗಿರಿನಗರದ ಶಾಂತಲಾ ಆಂಟಿ.

"ಹಂಗಾದ್ರೆ ನೋಬಡಿಗೆ ಏನ್ ಆಂಟಿ? ಯಾರೂ ಇಲ್ದೇ ಇದ್ಮೇಲೆ ಈಸೂ ಬೇಡ, ಆರೂ ಬೇಡ" ಎಂದ ದೇವರಾಜ್.

ಕ್ಲಾಸು ಸಂತೆಯಾಯಿತು. ಇಬ್ಬರು ಬೇಸತ್ತು ಚಪ್ಪಲಿ ಹುಡುಕತೊಡಗಿದರು. ವಸಿಷ್ಠನ ಹುಬ್ಬು ಗಂಟಿಕ್ಕಿತು. ಆದದ್ದಾಗಲಿ ಎಂದು ನಿಂಗರಾಜ ಬಾಯಿಬಿಟ್ಟ.

"ಗುಡಿಯೊಳಗ ನೂರ್ ಮಂದಿ ನಿಂತಿರ್ತಾರ. ಪೂಜಾರಿ ತೀರ್ಥಾನ ಗುಂಪಿನ ಮ್ಯಾಲ ಸುರೀತಾನೇನ್ರಿ? ಒಬ್ಬೊಬ್ಬರ ಅಂಗೈಗೆ ಹಾಕ್ತಾನ. ಎವ್ರಿಬಡಿನೂ ಹಂಗ, ಲೆಕ್ಕ ಒಬ್ಬೊಬ್ಬರದ. ಅದಕ್ಕ ಈಸ್. ಗುಡಿ ಖಾಲಿ ಇದ್ರ ಒಬ್ಬನೂ ಇಲ್ಲ ಅಂತೀವಿ, ಇಬ್ಬರೂ ಇಲ್ಲ ಅನ್ನೂದಿಲ್ಲ. ನೋಬಡಿಗೂ ಈಸ್. ಬೋರ್ಡ್ ತಪ್ಪೈತ್ರಿ."

ಚಪ್ಪಾಳೆಯೋ ಚಪ್ಪಾಳೆ. ಚಪ್ಪಲಿ ಹುಡುಕುತ್ತಿದ್ದವರೂ ತಟ್ಟಿದರು. ನಿಂಗರಾಜನಿಗೆ ಹೋದ ಜೀವ ಬಂದಂತಾಯಿತು.

"ಹಂಗಾದ್ರ ಹೆಸರು ಬರಸ್ರಿ" ಎಂದ ಹಿಗ್ಗಿನಿಂದ.

"ಇನ್ಯಾಕಪ್ಪಾ? ಇದ್ದಿದ್ದೇ ಇದೊಂದು ಡೌಟು, ಕ್ಲಿಯರ್ ಆಯ್ತು. ದೇವರು ಚೆನ್ನಾಗಿಟ್ಟಿರ್ಲಿ" ಎಂದರು ಶಾಂತಲಾ ಆಂಟಿ. ಅವರ ಹಿಂದೆಯೇ ಎಲ್ಲರೂ ಮೆಟ್ಟಿಲಿಳಿದರು.

ವಸಿಷ್ಠ ಎದ್ದು ಬಂದ.

"ಬೋರ್ಡಿನ ವಿಷಯ ತಪ್ಪು ತಿಳೀಬ್ಯಾಡ್ರಿ ಸರ್..."

"ಬೋರ್ಡ್ ಹಾಳಾಗೋಗ್ಲಿ. ಡೆಮೋ ಅಂದ್ರೆ ಒಗ್ಗರಣೆ ಘಮ ಮಾತ್ರ ಕಳಿಸ್ಬೇಕು ಕಣ್ರೀ. ನೀವು ಊಟಾನೇ ಬಡಿಸಿ ಕೈ ತೊಳೆಸಿಬಿಟ್ರಿ."

ಅಷ್ಟರಲ್ಲಿ ದೇವರಾಜ್ ಬಾಗಿಲಲ್ಲಿ ಮತ್ತೆ ಇಣುಕಿದ. "ಸಾರ್, ಮುಂದಿನ ವಾರಾನೂ ಡೆಮೋ ಇದ್ಯಾ? ನಮ್ ಬೀದಿಯವ್ರನ್ನೆಲ್ಲ ಕರ್ಕೊಂಡ್ ಬರ್ತೀನಿ."

ನಿಂಗರಾಜ ಆಸೆಯಿಂದ ವಸಿಷ್ಠನ ಮುಖ ನೋಡಿದ.

"ಇದೆ ಬನ್ನಿ" ಎಂದ ವಸಿಷ್ಠ. "ಆದ್ರೆ ಇಷ್ಟು ಚೆನ್ನಾಗಿ ಹೇಳ್ಕೊಡೋ ಮೇಷ್ಟ್ರು ಇರಲ್ಲ."