ಮಾಮಾ ನಂಬಿದ ಒಂದೇ ಆಟ

ನನ್ನ ಹೆಂಡತಿಯ ಸೋದರಮಾವ ಈ ಭೂಮಿಯ ಮೇಲೆ ನಂಬಿದ್ದು ಒಂದನ್ನೇ. ದೇವರನ್ನು ಅಂದುಕೊಂಡಿರಾ? ದೇವರ ಮೇಲೂ ಅವರು ಒಂದು ಕಣ್ಣಿಟ್ಟೇ ಇರುತ್ತಾರೆ! ಅವರು ನಂಬಿದ್ದು ಕ್ಯಾಂಡಲ್‌ಪಿನ್ ಎಂಬ ಬೌಲಿಂಗ್ ಆಟವನ್ನು.

ಮಾಮಾ ಧಾರವಾಡದವರು. ಮ್ಯಾಸಚೂಸೆಟ್ಸ್‌ನಲ್ಲಿ ಇಂಜಿನಿಯರಾಗಿ ದುಡಿದು, ತಲೆ ನರೆತ ಮೇಲೆ, ಕೋವಿಡ್ ಗಲಾಟೆ ಮುಗಿಯುತ್ತಿದ್ದಂತೆ ಮಾಮಿಯೊಂದಿಗೆ ಕ್ಯಾಲಿಫೋರ್ನಿಯಾದ ವೆಸ್ಟ್ ಕೊವಿನಾದಲ್ಲಿರುವ ನಮ್ಮ ಬೀದಿಗೇ ಬಂದರು. ಬಂದ ವಾರವೇ ಅವರಿಗೆ ಇಲ್ಲಿನ ಬಿಸಿಲಿನ ಮೇಲೆ ಅನುಮಾನ ಶುರುವಾಯಿತು. "ದಿನಾ ಬಿಸಲು ಅಂದ್ರ ಏನೋ ಮುಚ್ಚಿಡ್ಲಿಕ್ಕತ್ತಾರ, ಅಳಿಯಂದ್ರ" ಎಂದು ಕೊಡೆ ಹಿಡಿದೇ ವಾಕಿಂಗ್ ಹೋಗುತ್ತಿದ್ದರು. ಅಂಗಡಿಯ ಬಿಲ್ಲಿಂಗ್ ಯಂತ್ರ ‘ಥ್ಯಾಂಕ್ ಯೂ’ ಎಂದರೆ ಸಾಕು, ಯಾರಿಗೆ ಹೇಳಿತೆಂದು ಹಿಂದೆ ತಿರುಗಿ ನೋಡುತ್ತಿದ್ದರು.

ಅವರ ಹುಟ್ಟುಹಬ್ಬಕ್ಕೆ ನಾನು ದೊಡ್ಡ ಉಪಕಾರ ಮಾಡಲು ಹೋದೆ. ಬೌಲಿಂಗ್ ಪ್ರಿಯರಲ್ಲವೇ ಎಂದು ಊರಿನ ಬೌಲಿಂಗ್ ಆಡುವ ಜಾಗಕ್ಕೆ ಕರೆದೊಯ್ದೆ. ಮೊದಲ ತಕರಾರು ಬಾಡಿಗೆ ಬೂಟಿನದು. "ನನ್ನ ಬೂಟು ಇಟಗೊಂಡು ಯಾರದೋ ಬೂಟು ಯಾಕ ಕೊಡ್ತಾರ?" ಆಮೇಲೆ ಕಲ್ಲಂಗಡಿಯಂಥ ಚೆಂಡು. "ಇದಕ್ಕ ತೂತು ಯಾಕ? ಬಟ್ಟು ಸಿಕ್ಕೊಂಡ್ರ ಯಾರು ಜವಾಬ್ದಾರಿ?" ಕಡೆಗೆ ಹೇಗೋ ಎಸೆದರು, ಎದುರಿಗೆ ನಿಲ್ಲಿಸಿದ್ದ ಬಾಟಲಿಯಾಕಾರದ ಪಿನ್‌ಗಳಲ್ಲಿ ಕೆಲವು ಬಿದ್ದವು. ಮೇಲಿನಿಂದ ಒಂದು ಪಟ್ಟಿ ಇಳಿದು ಬಿದ್ದವನ್ನೆಲ್ಲ ಗುಡಿಸಿ ಒಳಗೆ ಎಳೆದುಕೊಂಡಿತು. ಮಾಮಾ ಬೆಚ್ಚಿದರು. "ಸಾಕ್ಷಿನೇ ನಾಶ ಮಾಡಿದ್ರಲ್ಲ!" ಕೇಕ್ ಕೂಡ ತಿನ್ನದೇ ಹೊರಟೆವು. ಅದರಲ್ಲಿ ಮೊಟ್ಟೆ ಇದೆಯೆಂಬ ಅನುಮಾನ.

ಕಾರಿನಲ್ಲಿ ನನಗೆ ಕ್ಯಾಂಡಲ್‌ಪಿನ್ ಪಾಠವಾಯಿತು. ನ್ಯೂ ಇಂಗ್ಲೆಂಡ್ ಕಡೆಯ ಆಟ, ಮಿಕ್ಕ ಅಮೆರಿಕದವರಲ್ಲಿ ಬಹುಮಂದಿಗೆ ಅದರ ಗಂಧವಿಲ್ಲ. ಪಿನ್‌ಗಳು ಮೇಣದಬತ್ತಿಯ ಹಾಗೆ ಸಪೂರ. ಚೆಂಡು ಅಂಗೈಯಲ್ಲಿ ಕೂರುತ್ತದೆ, ತೂತಿಲ್ಲ. ಬಿದ್ದ ಪಿನ್ನನ್ನು ಆಟಗಾರನ ಸರದಿ ಮುಗಿಯುವವರೆಗೆ ಯಾರೂ ತೆಗೆಯುವಂತಿಲ್ಲ, ಅದಕ್ಕೆ ತಾಗಿಸಿ ನಿಂತದ್ದನ್ನೂ ಕೆಡವಬಹುದು. "ಈ ಆಟದಾಗ ಇವತ್ತಿನ ತನಕ ಒಬ್ಬರೂ ಪೂರ್ತಿ ಮಾರ್ಕ್ಸ್ ತಗೊಂಡಿಲ್ಲ. ಅದಕ್ಕ ನಂಬ್ತೀನಿ" ಎಂದರು ಮಾಮಾ.

ಮ್ಯಾಸಚೂಸೆಟ್ಸ್‌ನಲ್ಲಿದ್ದಾಗ ಈ ಆಟದಲ್ಲಿ ಅವರನ್ನು ವಾರವಾರವೂ ಸೋಲಿಸುತ್ತಿದ್ದವರು ಮಾಮಿ. ಹೋದ ವರ್ಷ ಮಾಮಿಗೆ ಸ್ಟ್ರೋಕ್ ಆಯಿತು. ನಡಿಗೆ ಸುಧಾರಿಸಿತು, ಬಲಗೈ ಬೆರಳುಗಳು ಮಾತ್ರ ಅರ್ಧ ಮಡಚಿದಂತೆಯೇ ಉಳಿದವು. ಹಿಚುಕಲು ಥೆರಪಿಯವರು ಕೊಟ್ಟ ರಬ್ಬರ್ ಚೆಂಡನ್ನು ಮಾಮಿ ಕಿಟಕಿಯಿಂದಾಚೆ ಎಸೆದರು, ಎಡಗೈಯಲ್ಲಿ. ಈಗ ಕೆಲಸ ಕೊಡದಿದ್ದರೆ ಆ ಕೈ ಹಾಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಮಾಮಿ ಕೈಯನ್ನು ಶಾಲಿನೊಳಗೆ ಅಡಗಿಸಿ, ಕರ್ಟನ್ ಎಳೆದು ಕೂತುಬಿಟ್ಟರು.

ಇಂಥ ಹೊತ್ತಿನಲ್ಲಿ ಮಾಮಾ ಮಾಡಿದ್ದೇನು? ಶನಿವಾರ ಬಂದರೆ ನನ್ನ ಹೆಂಡತಿಯನ್ನು ಮಾಮಿಯ ಜೊತೆ ಕೂರಿಸಿ ಎರಡು ಗಂಟೆ ದೂರದ ಸ್ಯಾನ್ ಡಿಯಾಗೋಗೆ ಡ್ರೈವ್ ಮಾಡತೊಡಗಿದರು. ಯಾಕೆಂದು ಕೇಳಿದರೆ, "ಹಿಂಗ ಎಲ್ಲಾದಕ್ಕೂ ಅನುಮಾನ ಪಡೋದು ಛಲೋ ಅಲ್ಲ, ಅಳಿಯಂದ್ರ." ಈ ಮಾತು ಯಾರ ಬಾಯಲ್ಲಿ ನೋಡಿ! ದಾರಿಯಲ್ಲಿ ಕ್ಯಾಸಿನೋ ಇವೆಯಲ್ಲ ಎಂದು ನನ್ನ ಹೆಂಡತಿ ಕಂಗಾಲಾದಳು. ಅದೇ ಊರಿನ ಲಾ ಹೋಯಾದಲ್ಲಿ ಮಾಮಾನ ಕಾಲೇಜು ಗೆಳತಿಯೊಬ್ಬರು ಪ್ರೊಫೆಸರ್ ಅಲ್ಲವೇ ಎಂದು ನಾನು ಬಾಯಿ ಬಿಟ್ಟೆ. ಆಮೇಲೆ ಕೆಲವು ದಿನ ನನಗೆ ಸಿಕ್ಕಿದ್ದು ಬರೀ ಅನ್ನ ಮಜ್ಜಿಗೆ.

ಒಂದು ಶನಿವಾರ ಅವರ ಕಾರು ತಿರುಗುವಾಗ ಡಿಕ್ಕಿಯಲ್ಲಿ ಏನೋ ಗಡಗಡ ಉರುಳಿತು. ತಡೆಯಲಾರದೆ ಓಡಿಹೋಗಿ ತೆಗೆಸಿದೆ. ಒಳಗೆ ಸಪೂರ ಮರದ ಪಿನ್‌ಗಳು, ಅಂಗೈಯಗಲದ ಚೆಂಡುಗಳು! ಸ್ಯಾನ್ ಡಿಯಾಗೋದ ಬಡಗಿಯೊಬ್ಬರಿಂದ ಕಡೆಸಿದ್ದು. ಮಾಮಿಯ ಕೈಗೆ ಇನ್ನೂ ಹಗುರಾಗಲಿ ಎಂದು ವಾರವಾರವೂ ಚೆಂಡನ್ನು ವಾಪಸು ಒಯ್ಯುತ್ತಿದ್ದರಂತೆ.

"ಇಲ್ಲೇ ಯಾರೂ ಸಿಗಲಿಲ್ವಾ ಮಾಮಾ?"

"ಒಬ್ಬಾಂವ ಸಿಕ್ಕಿದ್ದ. ಭಾಳ ನಗ್ತಿದ್ದ."

ಡ್ರೈವ್‌ವೇಯಲ್ಲಿ ಪಿನ್ ನಿಲ್ಲಿಸಿ ಮಾಮಾ ಒಳಗೆ ಹೋದರು. "ಅಳಿಯಂದ್ರು ನನ್ನ ಜೋಡಿ ಆಡ್ತಾರಂತ. ಅವ್ರ ಮ್ಯಾಲ ನನಗ ನಂಬಿಕಿಲ್ಲ. ನೀ ಬಂದು ಕೂತು ನೋಡು" ಎನ್ನುವುದು ಕೇಳಿಸಿತು. ಮಾಮಿ ಬಂದು ಕುರ್ಚಿಯಲ್ಲಿ ಕೂತರು. ನನ್ನ ಆಟ ಎಷ್ಟು ಘೋರವಾಗಿತ್ತೆಂದರೆ, ಸ್ವಲ್ಪ ಹೊತ್ತಿಗೆ ಅವರು ತಾವಾಗಿಯೇ ಎದ್ದು "ಕೊಡ್ರಿ ಇಲ್ಲೆ" ಎಂದರು.

ಎಡಗೈಯಿಂದ ಚೆಂಡನ್ನು ಬಲಗೈಗೆ ಕೂರಿಸಿಕೊಂಡು ಎಸೆದರು. ಅದು ಕೈಜಾರಿ ಹುಲ್ಲಿಗೆ ಹೋಯಿತು. ಎರಡನೆಯದು ಅರ್ಧ ದಾರಿಯಲ್ಲೇ ನಿಂತಿತು. ಮಾಮಿಯ ಮುಖ ಸಣ್ಣಗಾಯಿತು, ಬಾಗಿಲ ಕಡೆ ತಿರುಗಿದರು. ಮಾಮೂಲಿ ಬೌಲಿಂಗ್‌ನಲ್ಲಿ ಸರದಿಗೆ ಎರಡೇ ಚೆಂಡು, ಹಾಗಾಗಿ ಮುಗಿಯಿತೆಂದು ನಾನೂ ಪಿನ್ ಎತ್ತಲು ಬಗ್ಗಿದೆ.

"ತಡೀರಿ. ಈ ಆಟದಾಗ ಮೂರು" ಎಂದರು ಮಾಮಾ.

ಮೂರನೆಯ ಚೆಂಡನ್ನು ಮಾಮಿಯ ಅಂಗೈಯಲ್ಲಿಟ್ಟು, ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದರ ಸುತ್ತ ಕೂರಿಸಿದರು. "ಆಗ್ತದ. ನನಗೇನೂ ಅನುಮಾನ ಇಲ್ಲ" ಎಂದರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ನಾನು ಆ ಮಾತು ಕೇಳಿರಲಿಲ್ಲ.

ಚೆಂಡು ವಾಲಾಡುತ್ತ ಹೋಯಿತು. ಮೂಲೆಯ ಪಿನ್ನೊಂದು ಅಲುಗಿ, ನಿಧಾನಕ್ಕೆ ಬಿತ್ತು. ಮಾಮಿ ತಮ್ಮ ಬಲಗೈಯನ್ನೇ ನೋಡುತ್ತ ನಿಂತರು, ಅದನ್ನು ಮತ್ತೆ ಶಾಲಿನೊಳಗೆ ಸೇರಿಸಲಿಲ್ಲ.

"ನೋಡ್ಕೋತ ಏನ್ ನಿಂತೀರಿ," ಎಂದರು ಮಾಮಾನಿಗೆ, "ಇನ್ನೊಮ್ಮೆ ನಿಲ್ಲಸ್ರಿ."