ಹಿಂದೆ ನೋಡಲು ಇಳಿದ ಅತ್ತೆ

ನಮ್ಮ ಅತ್ತೆಯಷ್ಟು ದೇಶ ಸುತ್ತಿದವರು ಬಾಳೂರಿನಲ್ಲಿ ಮತ್ತೊಬ್ಬರಿಲ್ಲ. ಅವರಷ್ಟು ಕಡಿಮೆ ದೇಶ ನೋಡಿದವರೂ ಮತ್ತೊಬ್ಬರಿಲ್ಲ! ನಂಬಿಕೆಯಿಲ್ಲದಿದ್ದರೆ ಕೇಳಿ ನೋಡಿ.

"ಅತ್ತೆ, ನಾಗಪುರ ಹೆಂಗಿದೆ?"

"ಥೂ, ಲಾರಿ ತಿರುಗ್ಸಕ್ಕೆ ಜಾಗ ಇಲ್ಲ ಮಾರಾಯ್ತಿ."

"ಇಂದೋರು?"

"ಅದು ಪರವಾಗಿಲ್ಲ. ಗೋಡೌನ್ ಮುಂದೆ ಒಂದೇ ಸಲಕ್ಕೆ ರಿವರ್ಸ್ ಆಗುತ್ತೆ."

ಅತ್ತೆ ಅಂದರೆ ನನ್ನಪ್ಪನ ಅಕ್ಕ. ಮಾವ ಲಾರಿ ಡ್ರೈವರು, ಅತ್ತೆ ಅದೇ ಲಾರಿಯ ಕ್ಲೀನರು. ನಮ್ಮ ಕಡೆಯ ಕಾಳುಮೆಣಸು ತುಂಬಿಕೊಂಡು ಉತ್ತರಕ್ಕೆ ಹೋಗುವುದು, ಅಲ್ಲಿಂದ ಈರುಳ್ಳಿಯೋ ಕಿತ್ತಳೆಯೋ ಹೇರಿಕೊಂಡು ಬರುವುದು. ಇಪ್ಪತ್ತು ವರ್ಷದ ಹಿಂದೆ, ಇದ್ದ ಕ್ಲೀನರು ಊರಿಗೆ ಹೋದವನು ತಿರುಗಿ ಬರಲಿಲ್ಲ. "ಗ್ಲಾಸ್ ಒರ್ಸೋದು, ಟಯರಿಗೆ ಕಲ್ಲು ಕೊಡೋದು, ಹಿಂದೆ ನಿಂತ್ಕೊಂಡು ಬರ್ಲಿ ಬರ್ಲಿ ಅನ್ನೋದು. ಇಷ್ಟಕ್ಕೆ ಗಂಡಸೇ ಬೇಕಾ?" ಎಂದು ಸೆರಗು ಸಿಕ್ಕಿಸಿ ಎಡಗಡೆ ಬಾಗಿಲಿನಿಂದ ಹತ್ತಿದ ಅತ್ತೆ ಆಮೇಲೆ ಆ ಕೆಲಸ ಬಿಡಲೇ ಇಲ್ಲ. ಈಗ ಆ ಲಾರಿಯಲ್ಲಿ ಸ್ಪ್ಯಾನರ್ ಹುಡುಕಿದರೆ ಸಾಸಿವೆ ಸಿಗುತ್ತದೆ.

ಕ್ಯಾಬಿನ್ನಿನಲ್ಲಿ ಗಂಡ ಹೆಂಡತಿ ಜಗಳವಾಡಿದರೆ ಹೋಗುವುದೆಲ್ಲಿಗೆ? ಮುಖ ತಿರುಗಿಸಿಕೊಂಡು ಒಳಮನೆಗೆ ಹೋಗೋಣವೆಂದರೆ ಒಳಮನೆಯೇ ಇಲ್ಲ! ಕಾಲೇಜಿನ ರಜೆಯಲ್ಲಿ ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ಮಾವನಿಗೆ ಆಗಲೇ ಸಕ್ಕರೆ ಕಾಯಿಲೆ. ಬಣಕಲ್‌ನಲ್ಲಿ ಟೀ ಕುಡಿಯಲು ಇಳಿದವರು ಕದ್ದು ಜಿಲೇಬಿ ತಿಂದು ಬಂದರು, ಮೀಸೆ ಅವರನ್ನು ಹಿಡಿದುಕೊಟ್ಟಿತು. ಅತ್ತೆ ಲಾರಿಯಿಂದ ಇಳಿದು, ಏರಿನಲ್ಲಿ ನಡೆಯತೊಡಗಿದರು. ಹಿಂದೆ ಫಸ್ಟ್ ಗೇರಿನಲ್ಲಿ ಮಾವ, ಮಾವನ ಹಿಂದೆ ಜೀಪು, ಬಸ್ಸು, ಮದುವೆ ದಿಬ್ಬಣ. ಬಸ್ಸಿನ ಕಂಡಕ್ಟರ್ ಓಡಿ ಬಂದು ಕೇಳಿದ:

"ಏನಮ್ಮಾ, ಪಾದಯಾತ್ರೆ ಹರಕೆನಾ?"

"ಹೌದಪ್ಪ. ಗಂಡಂಗೆ ಬುದ್ಧಿ ಬರ್ಲಿ ಅಂತ."

ಬುದ್ಧಿ ಬರಲಿಲ್ಲ, ಕಣ್ಣು ಹೋಯಿತು. ಪೂರ್ತಿ ಅಲ್ಲ. ಮನೆಯೊಳಗೆ ಓಡಾಡುವಷ್ಟು ಇತ್ತು, ಲಾರಿ ಓಡಿಸುವಷ್ಟು ಉಳಿಯಲಿಲ್ಲ. ಹೋದ ವರ್ಷ ಲೈಸೆನ್ಸ್ ರಿನ್ಯೂವಲ್‌ಗೆ ಹೋದಾಗ ಡಾಕ್ಟರು ಸರ್ಟಿಫಿಕೇಟಿಗೆ ಸಹಿ ಹಾಕಲಿಲ್ಲ. ಮಾವ ಮನೆಗೆ ಬಂದು ಜಗಲಿಯಲ್ಲಿ ಕೂತು, "ಲಾರಿ ಮಾರ್ಬಿಡೋಣ" ಅಂದರು.

"ನನ್ನೂ ಸೇರ್ಸಿ ಮಾರಿ," ಅಂದರು ಅತ್ತೆ. "ಇಲ್ಲಾಂದ್ರೆ ನಾನೇ ಓಡಿಸ್ತೀನಿ. ಜೀಪಿನ ಲೈಸೆನ್ಸ್ ಇದ್ಯಲ್ಲ."

"ನೀನು ಓಡ್ಸು, ನಾನು ಎಡಗಡೆ ಕೂತ್ಕೊಂಡು ಕೈ ತೋರಿಸ್ಲಾ? ಅದೊಂದು ಆಗದ ಮಾತು."

ಆದರೆ ಅತ್ತೆ ಅರ್ಜಿ ಹಾಕಿಯೇಬಿಟ್ಟರು. ರಸ್ತೆ ಚಿಹ್ನೆಗಳನ್ನು ಕಲಿಸುವ ಕೆಲಸ ನನ್ನದು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಕಾಫಿ ಹಣ್ಣು ಕುಯ್ಯುತ್ತಲೇ ಫೀಸು ಹೊಂದಿಸಿಕೊಂಡು ಓದಿದವಳಿಗೆ ಅಷ್ಟು ಜಂಬವಾದರೂ ಬೇಡವೇ? ಪುಸ್ತಕ ತೆರೆದು ಗಂಭೀರವಾಗಿ, "ಇದು, ಮುಂದೆ ಶಾಲೆ ಇದೆ ಅಂತ" ಎಂದೆ.

"ಶಾಲೆ ಇದ್ರೆ ಸಾಕಾಗಲ್ಲ ಮಗಾ, ಎಷ್ಟು ಗಂಟೆಗೆ ಬಿಡ್ತಾರೆ ಅಂತ ಹಾಕಿದಾರಾ ಅದ್ರಲ್ಲಿ?"

ನಾನು ಪುಸ್ತಕ ಮುಚ್ಚಿದೆ.

ಟೆಸ್ಟಿನ ದಿನ ಚಿಕ್ಕಮಗಳೂರಿನ ಮೈದಾನದಲ್ಲಿ ಅತ್ತೆ ಲಾರಿಯನ್ನು ಬೆಣ್ಣೆಯಂತೆ ಓಡಿಸಿದರು. ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದರು, ಒಂದು ಗೇಣೂ ಹಿಂದೆ ಜಾರಲಿಲ್ಲ. ಪಕ್ಕದಲ್ಲಿ ಕೂತ ಇನ್ಸ್‌ಪೆಕ್ಟರು, "ಈಗ ರಿವರ್ಸ್ ತಗೊಳ್ಳಿ" ಅಂದರು. ಅತ್ತೆ ರಿವರ್ಸ್ ಗೇರ್ ಹಾಕಿದರು. ಹ್ಯಾಂಡ್‌ಬ್ರೇಕ್ ಎಳೆದರು. ಬಾಗಿಲು ತೆರೆದು ಇಳಿದೇಬಿಟ್ಟರು!

"ಎಲ್ಲಿಗಮ್ಮಾ?"

"ಹಿಂದೆ ನೋಡಕ್ಕೆ, ಸಾರ್."

"ನೀವು ನೋಡಕ್ಕೆ ಹೋದ್ರೆ ಲಾರಿ ಓಡ್ಸೋರು ಯಾರು?"

ಮೈದಾನವೆಲ್ಲ ನಕ್ಕಿತು. ನಾನೂ ನಕ್ಕೆ, ಈಗ ಅದಕ್ಕೆ ನಾಚಿಕೆಯಾಗುತ್ತದೆ. ಅತ್ತೆ ಸೆರಗು ಸರಿಮಾಡಿಕೊಂಡು ಮತ್ತೆ ಹತ್ತುವಷ್ಟರಲ್ಲಿ ಇನ್ಸ್‌ಪೆಕ್ಟರು ಬರೆದುಕೊಂಡಾಗಿತ್ತು. ಟೆಸ್ಟು ಫೇಲು.

ಲಾರಿ ನೋಡಲು ಗಿರಾಕಿ ಬರುತ್ತಾನೆಂದು ಮಾವ ಹೇಳಿದರು. ಅತ್ತೆ ಕೇಳಿಸಿಕೊಳ್ಳದವರಂತೆ ದಿನವೂ ಬೆಳಿಗ್ಗೆ ಪಕ್ಕದ ಎಸ್ಟೇಟಿನ, ಕಾಫಿ ಒಣಗಿಸುವ ಖಾಲಿ ಕಣದಲ್ಲಿ ಅಭ್ಯಾಸಕ್ಕಿಳಿದರು. ಮುಂದಕ್ಕೆ ಚೆನ್ನಾಗಿಯೇ ಹೋಗುತ್ತಿತ್ತು. ಜೀಪಿನಲ್ಲಾದರೆ ಕತ್ತು ತಿರುಗಿಸಿದರೆ ಸಾಕು, ಲಾರಿಯಲ್ಲಿ ರಿವರ್ಸ್ ಹಾಕಿದೊಡನೆ ಕೈ ತಾನಾಗಿ ಬಾಗಿಲಿಗೆ. "ಕನ್ನಡಿ ಇದೆಯಲ್ಲ ಅತ್ತೆ" ಎಂದರೆ, "ಕನ್ನಡಿ ಕೂಗಲ್ವಲ್ಲೇ" ಅನ್ನುವರು. ಇಪ್ಪತ್ತು ವರ್ಷ ಗಂಡನ ಬೆನ್ನಿಗೆ ಕಣ್ಣಾಗಿ ನಿಂತವರು. ಅವರ ಬೆನ್ನಿಗೆ ಯಾರು ನಿಂತಿದ್ದರು?

ಮಾವ ದೂರದಲ್ಲಿ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿರುತ್ತಿದ್ದರು, ಆ ಕಣ್ಣಿಗೆ ಪೇಪರು ಕಾಣುವಂತೆ! ಐದನೆಯ ದಿನವೋ ಆರನೆಯ ದಿನವೋ, ಅತ್ತೆಯ ಕೈ ಮತ್ತೆ ಬಾಗಿಲಿಗೆ ಹೋಯಿತು. ಅಷ್ಟರಲ್ಲಿ ಲಾರಿಯ ಹಿಂದಿನಿಂದ ಧಬ್ ಧಬ್ ಎಂದು ತಗಡಿಗೆ ಬಡಿದ ಸದ್ದು.

"ಬರ್ಲಿ... ಬರ್ಲಿ... ಇನ್ನೂ ಬರ್ಲಿ... ಹೆದರ್ಬೇಡ ಮಾರಾಯ್ತಿ, ನಾನಿದೀನಿ, ಬರ್ಲಿ..."

ಸ್ಟಿಯರಿಂಗ್ ಬಿಟ್ಟು ಹಿಂದಕ್ಕೆ ಎಂದೂ ಹೋಗದ ಮನುಷ್ಯ, ಒಂದು ಕೈ ಲಾರಿಯ ಮೈಮೇಲಿಟ್ಟು ತಡವುತ್ತ ಹಿಂದೆ ಹಿಂದೆ ನಡೆಯುತ್ತಿದ್ದರು. ಅತ್ತೆ ಬಾಗಿಲಿನಿಂದ ಕೈ ತೆಗೆದರು.

ಮತ್ತೊಂದು ಹದಿನೈದು ದಿನಕ್ಕೆ, ಕಣದಲ್ಲಿ ಬಡಿಯುವವರಿಲ್ಲದಿದ್ದರೂ ಕೈ ಬಾಗಿಲಿಗೆ ಹೋಗುವುದು ನಿಂತಿತು. ಮುಂದಿನ ಟೆಸ್ಟಿನಲ್ಲಿ ಪಾಸಾದರು. ಬಂದ ಗಿರಾಕಿಗೆ ಕಾಫಿ ಕೊಟ್ಟು ಕಳಿಸಿದ್ದಾಯಿತು.

ಡ್ರೈವರುಗಳಿಗೆ ಬೇರೆಯವರು ಓಡಿಸುವ ಗಾಡಿಯಲ್ಲಿ ನಿದ್ದೆ ಹತ್ತುವುದಿಲ್ಲ. ಮಾವನಂತೂ ಮೂಡಿಗೆರೆ ಬಸ್ಸಿನಲ್ಲಿ ಕೂತರೂ ಕಾಲಲ್ಲಿ ಬ್ರೇಕ್ ಒತ್ತುತ್ತಲೇ ಇರುತ್ತಾರೆ. ಅತ್ತೆ ಬಲಗಡೆ, ಮಾವ ಎಡಗಡೆ, ಈ ಹೊಸ ಏರ್ಪಾಡಿನ ಮೊದಲ ಟ್ರಿಪ್ಪು ಮುಗಿಸಿ ಬಂದ ದಿನ, ಅತ್ತೆ ಕೈಕಾಲು ತೊಳೆಯಲು ಹೋದಾಗ ಮೆಲ್ಲಗೆ ಕೇಳಿದೆ:

"ಮಾವ, ಅತ್ತೆ ಹೆಂಗೆ ಓಡಿಸ್ತಾರೆ?"

ಮಾವ ಕಣ್ಣುಜ್ಜಿಕೊಂಡರು.

"ಯಾರಿಗ್ಗೊತ್ತು ಮಗಾ. ಊರು ಬಿಟ್ಟು ವಸ್ತಾರೆ ದಾಟೋದ್ರೊಳಗೆ ನಂಗೆ ನಿದ್ದೆ ಬಂದ್ಬಿಡ್ತು."