ಬಲಗಡೆಯ ನಿಂಬೆಹಣ್ಣು

ಟ್ರಕ್ಕಿನ ಕೆಳಗೆ ತೂರದೆ ಅದರ ಹೊಟ್ಟೆಯೊಳಗೆ ಏನಿದೆ ಅಂತ ಹೇಳೋ ಜಾಣರು ನನಗೆ ವಾರಕ್ಕೊಬ್ಬರಾದರೂ ಗಂಟು ಬೀಳ್ತಿದ್ರು. ತೊಂಬತ್ತರ ದಶಕದ ಮಾತು. ಅಮೆರಿಕದ ಕ್ಯಾರಿ ಅನ್ನೋ ಊರಿನ ಹತ್ತಿರ ಹಳೇ ಟ್ರಕ್ ಮಾರೋ ಯಾರ್ಡಿನಲ್ಲಿ ನಾನು ತಪಾಸಣೆ ಮಾಡೋ ಮೆಕ್ಯಾನಿಕ್. ಕನ್ನಡದವರೆಲ್ಲ ಕಂಪ್ಯೂಟರ್ ಮುಂದೆ, ನಾನೊಬ್ಬ ಗ್ರೀಸಿನಲ್ಲಿ.

ಬಂದವರು ಕೇಳೋದು ಒಂದೇ: ಹಿಂದಿನ ಎಡಬಲ ಚಕ್ರಕ್ಕೆ ಎಂಜಿನ್ ಶಕ್ತಿ ಹಂಚೋ ಡಿಫರೆನ್ಷಿಯಲ್ ಲಾಕಿಂಗೋ, ಓಪನ್ನೋ? ಓಪನ್ ಆದರೆ ಕೆಸರಿಗೆ ಬಿದ್ದ ಚಕ್ರ ಸುಮ್ಮನೆ ತಿರುಗುತ್ತೆ, ಜೊತೆಯದು ನಿಂತು ನೋಡುತ್ತೆ. ಲಾಕಿಂಗ್ ಆದರೆ ಎರಡೂ ಒಟ್ಟಿಗೆ ತಿರುಗಿ ಗಾಡಿ ಈಚೆಗೆ ಬರುತ್ತೆ. ಪತ್ತೆ ಹಚ್ಚೋದು ಸುಲಭ. ನ್ಯೂಟ್ರಲ್‌ಗೆ ಹಾಕಿ, ಲಾಕ್ ಸ್ವಿಚ್ ಇದ್ದರೆ ಆನ್ ಮಾಡಿ, ಹಿಂದಿನ ಎರಡೂ ಕಡೆ ಜಾಕ್ ಕೊಟ್ಟು ಎತ್ತಿ, ಒಂದು ಚಕ್ರ ತಿರುಗಿಸಿ. ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಲಾಕಿಂಗ್, ಉಲ್ಟಾ ತಿರುಗಿದರೆ ಓಪನ್. ಇಷ್ಟಕ್ಕೆ ಬೇಕಾದ ಬುದ್ಧಿಯೂ ಜನಕ್ಕಿಲ್ಲ.

೧. ಪ್ರದಕ್ಷಿಣೆ

ಮೈಸೂರಿನ ಸಾಫ್ಟ್‌ವೇರ್ ಮಹಾಶಯರೊಬ್ಬರು ಹೆಂಡತಿಯನ್ನ ಕಾರಲ್ಲಿ ಕೂರಿಸಿ ಬಂದರು. "ನಾನೇ ಟೆಸ್ಟ್ ಮಾಡ್ತೀನಿ, ಸಿಂಪಲ್ ಲಾಜಿಕ್ಕು" ಅಂದರು. ಟ್ರಕ್ ಎತ್ತಿಕೊಟ್ಟೆ. ಎಡಗಡೆ ಚಕ್ರ ತಿರುಗಿಸಿ, ಬಲಗಡೆಯದು ನೋಡಕ್ಕೆ ಹಿಂದಿನಿಂದ ಓಡಿದರು. ಅಷ್ಟರಲ್ಲಿ ಚಕ್ರ ನಿಂತಿತ್ತು. ವಾಪಸ್ ಬಂದು ಇನ್ನೂ ಜೋರಾಗಿ ತಿರುಗಿಸಿ, ಇನ್ನೂ ಜೋರಾಗಿ ಓಡಿದರು. ಬಲಗಡೆ ನಾನೇ ನಿಂತಿದ್ದೆ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆರನೇ ಸುತ್ತಿಗೆ ಹೆಂಡತಿ ಕಾರಿನ ಗಾಜು ಇಳಿಸಿದರು. "ರೀ, ಪ್ರದಕ್ಷಿಣೆ ಸಾಕು. ಮಂಗಳಾರತಿ ತಗೊಂಡು ಬನ್ನಿ."

೨. ಸ್ವಿಚ್ಚು

ಆಮೇಲೆ ಬಂದವರು ನಮ್ಮ ಕಡೆಯ ಹಾರ್ಟ್ ಡಾಕ್ಟರು. ಊರಾಚೆ ಜಾಗ ತಗೊಂಡು, ಜಲ್ಲಿ ತಾವೇ ಸಾಗಿಸೋಕಂತ ಹಿಂದೆ ಎರಡು ಆಕ್ಸಲ್, ಅಂದ್ರೆ ಎರಡು ಜೊತೆ ಚಕ್ರ ಇರೋ ಡಂಪ್ ಟ್ರಕ್ ಆರಿಸಿಕೊಂಡಿದ್ದರು.

"ನೋಡ್ರೀ, ಡ್ಯಾಶ್‌ಬೋರ್ಡಲ್ಲಿ ಲಾಕ್ ಸ್ವಿಚ್ಚೇ ಇದೆ."

"ಡಾಕ್ಟ್ರೇ, ಅದು ಎರಡು ಆಕ್ಸಲ್‌ನ ಒಂದಕ್ಕೊಂದು ಕಟ್ಟುತ್ತೆ. ಎಡಚಕ್ರ ಬಲಚಕ್ರ ಆಗಲೂ ಬೇರೆ ಬೇರೆನೇ. ಜಾಕ್ ಹಾಕಿ ನೋಡಿದೀನಿ, ಓಪನ್ನು."

"ಇಪ್ಪತ್ತು ವರ್ಷದಿಂದ ಎದೆ ಕೊಯ್ದು ನೋಡ್ತಿದೀನಿ. ಸ್ವಿಚ್ ಓದಕ್ಕೆ ಬರಲ್ವಾ ನಂಗೆ?"

"ಕೊಯ್ದು ನೋಡ್ತೀರಲ್ಲ. ಅಂಗಿ ಗುಂಡಿ ನೋಡಿ ಹೇಳಲ್ವಲ್ಲ."

ಅವರು ಸೀದಾ ಯಾರ್ಡಿನ ಬಾಸ್ ಹತ್ತಿರ ಹೋಗಿ ನನ್ನ ಮೇಲೆ ದೂರು ಹೇಳಿ, ಅದೇ ಟ್ರಕ್ ಕೊಂಡರು. ಬಾಸ್ ನನ್ನನ್ನ ಕರೆದು, "ಆ ಟ್ರಕ್ ಹೂತ್ಕೊಂಡರೆ ನೀನೇ ಹೋಗಿ ಎಳಿ. ಹೂತ್ಕೊಳ್ಳದಿದ್ದರೆ ತಪಾಸಣೆ ಬಿಟ್ಟು ಟ್ರಕ್ ತೊಳಿ" ಅಂದ. ಆವತ್ತಿಂದ ನಾನು ದಿನಾ ಎದ್ದು ಮಳೆಗೆ ಕೈ ಮುಗಿಯೋಕೆ ಶುರು ಮಾಡಿದೆ.

೩. ಆಯುಧಪೂಜೆ

ಮಳೆ ಮಾತು ಕೇಳಿತು. ಹಬ್ಬದ ಹೊತ್ತಿಗೆ ಡಾಕ್ಟರ ಜಾಗವೆಲ್ಲ ಕೆಂಪು ಅಂಟುಮಣ್ಣು. ನನಗೆ ಅವಮಾನ ಮಾಡೋಕೆ ಅಂತಲೇ ಪೂಜೆಗೆ ಕರೆದಿದ್ದರು. ನಾನೂ ಯಾರ್ಡಿನ ಹಳೇ ಎಳೆಯೋ ಟ್ರಕ್ಕಲ್ಲೇ ಹೋದೆ. ಅದು ಲಾಕಿಂಗ್ ಅಂತ ಬಾಸ್ ಹೇಳಿದ್ದ. ನಮ್ಮದೇ ಗಾಡಿಗೆ ಯಾರು ಜಾಕ್ ಹಾಕ್ತಾರೆ?

ಡಂಪ್ ಟ್ರಕ್ಕಿಗೆ ಕುಂಕುಮ, ಹೂವು, ಚಕ್ರಕ್ಕೊಂದು ನಿಂಬೆಹಣ್ಣು. ಡಾಕ್ಟರು ನನ್ನನ್ನೇ ನೋಡ್ತಾ ಸ್ವಿಚ್ ಒತ್ತಿ ಗ್ಯಾಸ್ ಕೊಟ್ಟರು. ಹಿಂದಿನ ಎಡಚಕ್ರಗಳು ಎರಡೂ ನಿಂತಲ್ಲೇ ತಿರುಗಿ, ನಿಂಬೆಹಣ್ಣು ಅರೆದು, ಕೆಸರನ್ನ ರೇಷ್ಮೆ ಸೀರೆಗಳ ಮೇಲೆ ಎರಚಿದವು. ಬಲಚಕ್ರ ಅಲುಗಲಿಲ್ಲ. ಅಲ್ಲಿನ ಹಣ್ಣುಗಳು ಕುಂಕುಮದ ಸಮೇತ ಇಟ್ಟ ಹಾಗೇ ಕೂತಿದ್ದವು.

"ಓಪನ್ನು" ಅಂದೆ. ಹಿಂದೆ ನಿಂತವರಿಗೂ ಕೇಳಲಿ ಅಂತ ಇನ್ನೊಂದು ಸಲ ಅಂದೆ. ನನ್ನ ಕೆಲಸ ಉಳೀತು.

ಡಾಕ್ಟರು ಇಳಿದು ಬಂದು, "ಪುರೋಹಿತರು ಬಲಗಡೆ ಹಣ್ಣು ಸರಿಯಾಗಿ ಇಟ್ಟಿಲ್ಲ" ಅಂದರು.

ನಾನು ಸರಪಳಿ ಕಟ್ಟಿ, ನನ್ನ ಟ್ರಕ್ ಹತ್ತಿ, "ಎಲ್ಲರೂ ದೂರ ನಿಂತ್ಕೊಳ್ಳಿ, ಲಾಕಿಂಗ್ ಅಂದ್ರೆ ಏನು ಅಂತ ತೋರಿಸ್ತೀನಿ" ಅಂತ ಗ್ಯಾಸ್ ಒತ್ತಿದೆ. ಎಡಚಕ್ರ ಗಿರಗಿರ ತಿರುಗಿತು. ಬಲಚಕ್ರ ತೆಪ್ಪಗಿತ್ತು.

ಕೆಸರಾದ ಸೀರೆಯಲ್ಲಿದ್ದ ಡಾಕ್ಟರ ಹೆಂಡತಿ, ಡಂಪ್ ಟ್ರಕ್ಕಿನ ಬಲಗಡೆ ಉಳಿದಿದ್ದ ನಿಂಬೆಹಣ್ಣುಗಳಲ್ಲಿ ಒಂದನ್ನ ಎತ್ತಿ, ಸೆರಗಲ್ಲಿ ಒರೆಸಿ, ನಿಧಾನವಾಗಿ ಬಂದು ನನ್ನ ಬಲಚಕ್ರದ ಮುಂದೆ ಇಟ್ಟರು.

"ಸಂಜೆ ಚಿತ್ರಾನ್ನಕ್ಕೆ ಬೇಕು. ಇಲ್ಲಿ ಭದ್ರವಾಗಿರುತ್ತೆ."